ಪ್ರೌಢಶಾಲೆಯ ವಾದ್ಯವೃಂದ: ರಚನೆ, ನಿರ್ವಹಣೆ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಬೆಂಗಳೂರಿನ ಉತ್ತರ ಭಾಗದ ಜನರಿಗೆ ಬ್ಯಾಂಡ್ ಎಂಬುದು ಅಪರಿಚಿತವಾದುದಲ್ಲ. ಯಲಹಂಕದಲ್ಲಿ ವಾಯುಸೇನಾ ನೆಲೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮತ್ತು ಗಡಿ ಭದ್ರತಾ ಪಡೆಯ ಕೇಂದ್ರಗಳಿವೆ. ಆರ್.ಟಿ. ನಗರಕ್ಕೆ ಹೊಂದಿಕೊಂಡ ಜೆ.ಸಿ. ನಗರದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಈ ಆವರಣಗಳ ಗೋಡೆಯಾಚೆಯಿಂದ ಕೇಳಿಬರುವ ಡ್ರಮ್ಮಿನ ಲಯಕ್ಕೆ ಹೆಜ್ಜೆ ಹಾಕುತ್ತ ಶಾಲೆಗೆ ಹೋಗುವ ಮಕ್ಕಳು ಇಂದಿಗೂ ಇದ್ದಾರೆ. ಆದರೆ ಅದೇ ಮಕ್ಕಳು ಓದುವ ಸರ್ಕಾರಿ ಪ್ರೌಢಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಯಂದು ಧ್ವನಿವರ್ಧಕಕ್ಕೆ ಮೊಬೈಲ್ ಜೋಡಿಸಿ ಪಥಸಂಚಲನದ ಸಂಗೀತವನ್ನು ನುಡಿಸುವುದು ಸಾಮಾನ್ಯ ದೃಶ್ಯವಾಗಿದೆ. ಕೆಲವು ಕಡೆ ಶಾಲೆಯ ಬೀರುವಿನ ಮೇಲೆ ಎರಡು ಹರಿದ ಡ್ರಮ್ಮುಗಳು, ಒಂದು ಸೊಟ್ಟಾದ ಬ್ಯೂಗಲ್ ಧೂಳು ಹಿಡಿದು ಕುಳಿತಿರುತ್ತವೆ. ಯಾರೋ ದಾನಿಗಳು ಎಂದೋ ಕೊಟ್ಟವು, ಒಂದೆರಡು ವರ್ಷ ನಡೆದವು, ನಂತರ ನಿಂತವು.

ಹೀಗೆ ನಿಂತುಹೋಗುವುದಕ್ಕೆ ಹಣದ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ವಾದ್ಯಗಳನ್ನು ಕೊಳ್ಳುವುದು ಈ ಕಾರ್ಯದ ಅತ್ಯಂತ ಸುಲಭವಾದ ಭಾಗ. ಕಷ್ಟವಿರುವುದು ಪ್ರತಿ ವರ್ಷವೂ ಹೊಸ ಮಕ್ಕಳನ್ನು ಸಿದ್ಧಪಡಿಸುವುದರಲ್ಲಿ, ಕಲಿಸುವವರನ್ನು ಹುಡುಕುವುದರಲ್ಲಿ ಮತ್ತು ಬ್ಯಾಂಡನ್ನು ಯಾರು, ಯಾವಾಗ, ಯಾವ ಕಾರ್ಯಕ್ಕೆ ಕರೆಯಬಹುದು ಎಂಬುದನ್ನು ನಿರ್ಧರಿಸುವುದರಲ್ಲಿ. ಪಂಚಾಯಿತಿ ಸದಸ್ಯರು, ಅಭಿವೃದ್ಧಿ ಅಧಿಕಾರಿಗಳು, ಮುಖ್ಯ ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ (ಎಸ್‌.ಡಿ.ಎಂ.ಸಿ.) ತಿಳಿವಳಿಕೆಗಾಗಿ ಈ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಬ್ಯಾಂಡಿಗೆ ದೀರ್ಘ ಇತಿಹಾಸವಿದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಎರಡು ವೃಂದಗಳು ಬೆಳೆದವು. ಪಾಶ್ಚಾತ್ಯ ಸಂಗೀತವನ್ನು ನುಡಿಸುವುದು ಇಂಗ್ಲಿಷ್ ಬ್ಯಾಂಡ್; ಕರ್ನಾಟಕ ಸಂಗೀತದ ಕೃತಿಗಳನ್ನು ವಾದ್ಯವೃಂದಕ್ಕೆ ಅಳವಡಿಸಿಕೊಂಡುದು ಕರ್ನಾಟಕ ಬ್ಯಾಂಡ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೊ ಶ್ಮಿಟ್ ಅವರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಿರ್ದೇಶಿಸಿದರು. ಆ ಎರಡೂ ವೃಂದಗಳ ಪರಂಪರೆ ಇಂದು ಪೊಲೀಸ್ ಇಲಾಖೆಯ ಬ್ಯಾಂಡುಗಳಲ್ಲಿ ಮುಂದುವರಿದಿದ್ದು, ದಸರಾ ಸಂದರ್ಭದಲ್ಲಿ ಲಕ್ಷಾಂತರ ಜನರು ಕೇಳುತ್ತಾರೆ. ಭಾರತೀಯ ಸೇನೆಯ ವಾದಕರಿಗೆ ತರಬೇತಿ ನೀಡುವ ಪಚ್‌ಮಢಿಯ ಮಿಲಿಟರಿ ಸಂಗೀತ ಕೇಂದ್ರವು 1950ರಲ್ಲಿ ಸ್ಥಾಪನೆಯಾದುದು ಕೊಡಗಿನವರಾದ ಜನರಲ್ ಕೆ.ಎಂ. ಕಾರಿಯಪ್ಪನವರ ಪೋಷಣೆಯಲ್ಲಿ ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

ಶಾಲೆಗಳ ಮಟ್ಟದಲ್ಲಿ ಕೇಂದ್ರ ಶಿಕ್ಷಣ ಹಾಗೂ ರಕ್ಷಣಾ ಸಚಿವಾಲಯಗಳು ಜಂಟಿಯಾಗಿ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯನ್ನು ನಡೆಸುತ್ತಿವೆ. ಬಾಲಕರ ಬ್ರಾಸ್ ಬ್ಯಾಂಡ್, ಬಾಲಕಿಯರ ಬ್ರಾಸ್ ಬ್ಯಾಂಡ್, ಬಾಲಕರ ಪೈಪ್ ಬ್ಯಾಂಡ್, ಬಾಲಕಿಯರ ಪೈಪ್ ಬ್ಯಾಂಡ್ ಎಂಬ ನಾಲ್ಕು ವಿಭಾಗಗಳಲ್ಲಿ ರಾಜ್ಯ, ವಲಯ ಮತ್ತು ರಾಷ್ಟ್ರ ಮಟ್ಟದಲ್ಲಿ ಇದು ನಡೆದು, ಅಂತಿಮ ಸುತ್ತು ಗಣರಾಜ್ಯೋತ್ಸವದ ಸಮಯದಲ್ಲಿ ದೆಹಲಿಯಲ್ಲಿ ಜರುಗುತ್ತದೆ. ಇದು ದೂರದ ಗುರಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯೊಂದು ತನ್ನ ಧ್ವಜಾರೋಹಣಕ್ಕೆ ತನ್ನ ಮಕ್ಕಳಿಂದಲೇ ರಾಷ್ಟ್ರಗೀತೆಯನ್ನು ಶುದ್ಧವಾಗಿ ನುಡಿಸಿದರೆ ಅದು ಮೊದಲ ಹಂತ.

ಅಮೆರಿಕದ ಪ್ರೌಢಶಾಲೆಗಳಲ್ಲಿ ಬ್ಯಾಂಡ್ ಎಂಬುದು ಅಂಕ ನೀಡುವ ಒಂದು ಪಠ್ಯವಿಷಯ. ಅದಕ್ಕೆಂದೇ ವೇತನ ಪಡೆಯುವ ಶಿಕ್ಷಕರಿರುತ್ತಾರೆ. ಪೋಷಕರ ಸಂಘವು ಹಣ ಸಂಗ್ರಹಿಸಿ ಬಸ್ಸು, ಸಮವಸ್ತ್ರ, ದುರಸ್ತಿಗಳನ್ನು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಬ್ಯಾಂಡ್ ಶಿಕ್ಷಕರ ಹುದ್ದೆಯಿಲ್ಲ. ಈ ಹೊಣೆ ಬಹುತೇಕ ದೈಹಿಕ ಶಿಕ್ಷಣ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಅವರಿಗೆ ಕವಾಯತು ಗೊತ್ತು, ಸಂಗೀತ ಗೊತ್ತಿರಬೇಕೆಂದಿಲ್ಲ. ಸಂಗೀತ ಶಿಕ್ಷಕರಿರುವ ಶಾಲೆಗಳು ಕಡಿಮೆ. ಇರುವಲ್ಲಿ ಅವರಿಗೆ ಸಂಗೀತ ಗೊತ್ತು, ಕವಾಯತು ಗೊತ್ತಿರಬೇಕೆಂದಿಲ್ಲ. ಇಬ್ಬರನ್ನೂ ಸೇರಿಸಿ ಒಂದು ಆದೇಶದಲ್ಲಿ ಹೊಣೆ ಹಂಚುವುದು ಮುಖ್ಯ ಶಿಕ್ಷಕರ ಮೊದಲ ಕೆಲಸ. ಬಾಯಿಮಾತಿನ ಹೊಣೆ ವರ್ಗಾವಣೆಯ ದಿನವೇ ಮುಗಿದುಹೋಗುತ್ತದೆ.

ವಾದ್ಯಗಳು ಮತ್ತು ಅವುಗಳ ಮಿತಿ

ಶಾಲಾ ಬ್ಯಾಂಡನ್ನು ಆರಂಭಿಸುವವರು ಮೊದಲು ತಿಳಿಯಬೇಕಾದುದು ಯಾವ ವಾದ್ಯದಿಂದ ಏನು ಸಾಧ್ಯ ಎಂಬುದನ್ನು. ಉದಾಹರಣೆಗೆ ಬ್ಯೂಗಲ್. ನೋಡಲು ಗಂಭೀರ, ಬೆಲೆಯೂ ಕಡಿಮೆ. ಆದುದರಿಂದ ದಾನಿಗಳು ಮೊದಲು ಕೊಡಿಸುವುದು ಅದನ್ನೇ. ಆದರೆ ಬ್ಯೂಗಲ್ಲಿಗೆ ಒತ್ತುಗುಂಡಿಗಳಿಲ್ಲ, ರಂಧ್ರಗಳೂ ಇಲ್ಲ. ಕೊಳವೆಯ ಉದ್ದ ಬದಲಾಗದ ಕಾರಣ ಅದರಿಂದ ಹೊರಡುವುದು ಸಹಜ ಅನುಸ್ವರಗಳು ಮಾತ್ರ. ಬಳಕೆಗೆ ಬರುವ ಐದು ಸ್ವರಗಳನ್ನು ನಮ್ಮ ಪದ್ಧತಿಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಪಂಚಮ ಅಷ್ಟೆ. ರಿಷಭವಾಗಲಿ ಮಧ್ಯಮವಾಗಲಿ ಇಲ್ಲ. ಇಂತಹ ವಾದ್ಯದಲ್ಲಿ ಕರೆಗಳನ್ನು ಊದಬಹುದೇ ಹೊರತು ರಾಷ್ಟ್ರಗೀತೆಯನ್ನಾಗಲಿ ನಾಡಗೀತೆಯನ್ನಾಗಲಿ ನುಡಿಸಲಾಗುವುದಿಲ್ಲ. ಎಷ್ಟು ಅಭ್ಯಾಸ ಮಾಡಿದರೂ ಬರುವುದಿಲ್ಲ. ಇದನ್ನರಿಯದೆ ಹತ್ತು ಬ್ಯೂಗಲ್ ತಂದು, ಮಕ್ಕಳಿಗೆ ಶ್ರದ್ಧೆಯಿಲ್ಲವೆಂದು ದೂರುವುದು ಅನ್ಯಾಯ.

ರಾಗ ನುಡಿಸಲು ಕಡಿಮೆ ಖರ್ಚಿನ ದಾರಿ ಕೊಳಲು. ಇಪ್ಪತ್ತಮೂರು ಮಕ್ಕಳ ಸಣ್ಣ ಬ್ಯಾಂಡಿಗೆ ನಾಯಕ ಅಥವಾ ನಾಯಕಿ ಒಬ್ಬರು, ಬಾಸ್ ಡ್ರಮ್ ಒಂದು, ಟೆನರ್ ಡ್ರಮ್ ಎರಡು, ಸೈಡ್ ಡ್ರಮ್ ಆರು, ಸಿಂಬಲ್ ಎರಡು ಜೊತೆ, ಟ್ರಯಾಂಗಲ್ ಒಂದು, ಬ್ಯೂಗಲ್ ನಾಲ್ಕು, ಕೊಳಲು ಆರು ಇದ್ದರೆ ಸಾಕು. ಟ್ರಂಪೆಟ್, ಕ್ಲಾರಿಯೊನೆಟ್, ಯೂಫೋನಿಯಂಗಳು ನಂತರ ಬರಲಿ. ಊದುವ ವಾದ್ಯಗಳೆಲ್ಲವೂ ಒಂದೇ ಶ್ರುತಿಯವೇ ಎಂಬುದನ್ನು ಖರೀದಿಯ ದಿನವೇ ಪರೀಕ್ಷಿಸತಕ್ಕದ್ದು. ಬೇರೆ ಬೇರೆ ಶ್ರುತಿಯ ಕೊಳಲುಗಳನ್ನು ಒಟ್ಟಿಗೆ ಊದಿದರೆ ಆಗುವ ಅಪಸ್ವರವನ್ನು ಯಾವ ತರಬೇತಿಯೂ ಸರಿಪಡಿಸದು. ದೇಶದ ಬಹುಪಾಲು ಬ್ಯಾಂಡ್ ವಾದ್ಯಗಳು ತಯಾರಾಗುವುದು ಉತ್ತರ ಪ್ರದೇಶದ ಮೀರತ್ತಿನಲ್ಲಿ. ಬೆಂಗಳೂರಿನ ಅಂಗಡಿಗಳಿಗೂ ಸರಕು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ದೂರದಿಂದ ತರಿಸುವಾಗ ಬಿಡಿಭಾಗಗಳನ್ನು, ಅಂದರೆ ಡ್ರಮ್ಮಿನ ಹೊದಿಕೆ, ಬಿಗಿಸುವ ಸ್ಕ್ರೂ, ಕಡ್ಡಿ, ಹೆಗಲ ಪಟ್ಟಿಗಳನ್ನು, ಜೊತೆಯಲ್ಲಿಯೇ ತರಿಸುವುದು ಜಾಣತನ.

ಡ್ರಮ್ಮಿಗೆ ಚರ್ಮದ ಹೊದಿಕೆ ಬೇಕೋ ಪ್ಲಾಸ್ಟಿಕ್ಕಿನದು ಬೇಕೋ ಎಂಬ ಪ್ರಶ್ನೆ ಬರುತ್ತದೆ. ಚರ್ಮದ ನಾದ ಇಂಪು. ಆದರೆ ಸ್ವಾತಂತ್ರ್ಯ ದಿನದ ಅಭ್ಯಾಸವೆಲ್ಲ ನಡೆಯುವುದು ಜುಲೈ, ಆಗಸ್ಟ್ ತಿಂಗಳ ತೇವದಲ್ಲಿ. ತೇವವನ್ನು ಹೀರಿದ ಚರ್ಮ ಸಡಿಲವಾಗುತ್ತದೆ. ಬಿಗಿಸಿದರೆ ಒಣಗಿದ ದಿನ ಬಿರಿಯುತ್ತದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದವರಿಗೆ ಇದು ಗೊತ್ತಿರುವ ಸಂಗತಿಯೇ. ಶಾಲೆಗಳಿಗೆ ಪ್ಲಾಸ್ಟಿಕ್ ಹೊದಿಕೆಯೇ ಸೂಕ್ತ.

ವಾದ್ಯದ ತೂಕವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. 2019ರಲ್ಲಿ ರಾಜ್ಯ ಸರ್ಕಾರವು ಹೊರಡಿಸಿದ ಸುತ್ತೋಲೆಯಂತೆ 9 ಮತ್ತು 10ನೆಯ ತರಗತಿಯ ಮಕ್ಕಳ ಶಾಲಾ ಚೀಲ 4ರಿಂದ 5 ಕಿಲೋ ಮೀರುವಂತಿಲ್ಲ. ಚೀಲಕ್ಕೆ ಅನ್ವಯಿಸುವ ಈ ಎಚ್ಚರವನ್ನು ಎದೆಯ ಮೇಲೆ ಹೊರುವ ಬಾಸ್ ಡ್ರಮ್ಮಿಗೂ ಅನ್ವಯಿಸಿಕೊಳ್ಳುವುದು ಯುಕ್ತ. ಸೇನಾ ಬ್ಯಾಂಡಿನ ಅಳತೆಯ ಡ್ರಮ್ಮನ್ನು ಎಂಟನೆಯ ತರಗತಿಯ ಮಗುವಿಗೆ ಕಟ್ಟುವ ಬದಲು ಸಣ್ಣ ವ್ಯಾಸದ ಡ್ರಮ್ಮನ್ನು ಕೊಳ್ಳಬೇಕು. ಅಭ್ಯಾಸದ ವೇಳೆ ಅದನ್ನು ನೆಲದ ಮೇಲೆ ನಿಲುವಿನಲ್ಲಿರಿಸಿ ನುಡಿಸಬಹುದು. ಹೊತ್ತು ನಡೆಯುವ ಅಭ್ಯಾಸ ಕೊನೆಯ ಎರಡು ವಾರ ಸಾಕು.

ಮೂರು ವರ್ಷಗಳ ಲೆಕ್ಕ

ಪ್ರೌಢಶಾಲೆಯಲ್ಲಿ ಮಗು ಇರುವುದು ಮೂರೇ ವರ್ಷ. 8ನೆಯ ತರಗತಿಗೆ ಬಂದವರಿಗೆ ಏನೂ ಗೊತ್ತಿರುವುದಿಲ್ಲ. 10ನೆಯ ತರಗತಿಯವರಿಗೆ ಎಲ್ಲವೂ ಗೊತ್ತಿದ್ದರೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿರುತ್ತದೆ. ಪ್ರತಿ ಮಾರ್ಚಿಗೆ ಬ್ಯಾಂಡಿನ ಮೂರನೆಯ ಒಂದು ಭಾಗ, ಅದೂ ಅತ್ಯಂತ ನುರಿತ ಭಾಗ, ಶಾಲೆಯಿಂದ ಹೊರಹೋಗುತ್ತದೆ. ಹತ್ತನೆಯ ತರಗತಿಯವರನ್ನೇ ನೆಚ್ಚಿಕೊಂಡ ಬ್ಯಾಂಡ್ ಮರುವರ್ಷ ಆಗಸ್ಟ್ 15ಕ್ಕೆ ನಿಲ್ಲುವುದು ಅನಿವಾರ್ಯ. ಬೀರುವಿನ ಮೇಲೆ ಧೂಳು ಹಿಡಿದ ಬಹುಪಾಲು ವಾದ್ಯಗಳ ಕಥೆ ಇದೇ.

ಇದಕ್ಕೆ ಪರಿಹಾರ ವಾದ್ಯಗಳಲ್ಲಿಲ್ಲ, ವೇಳಾಪಟ್ಟಿಯಲ್ಲಿದೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಎರಡನೆಯ ವಾರದಲ್ಲಿ 8ನೆಯ ತರಗತಿಯ ಆಯ್ಕೆ ನಡೆಯಬೇಕು. ಆಯ್ಕೆಗೆ ದೊಡ್ಡ ಪರೀಕ್ಷೆ ಬೇಡ: ಶಿಕ್ಷಕರು ಚಪ್ಪಾಳೆಯಲ್ಲಿ ನಾಲ್ಕು ಲಯ ತೋರಿಸಿ, ಮಗು ಅದನ್ನು ಮರಳಿ ತಟ್ಟಬಲ್ಲದೇ, ತಟ್ಟುತ್ತಲೇ ನಿಂತಲ್ಲಿ ಹೆಜ್ಜೆ ಹಾಕಬಲ್ಲದೇ ಎಂದು ನೋಡಿದರೆ ಸಾಕು. ಆಯ್ಕೆಯಾದವರು ಮೊದಲ ಎರಡು ತಿಂಗಳು ಡ್ರಮ್ಮನ್ನು ಮುಟ್ಟುವುದೇ ಬೇಡ. ಹಲಗೆಯೊಂದಕ್ಕೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿ ಮೊಳೆ ಹೊಡೆದರೆ ಅಭ್ಯಾಸದ ಪಟ್ಟಿ ಸಿದ್ಧ. ಸದ್ದು ಕಡಿಮೆ, ಖರ್ಚೂ ಇಲ್ಲ. ಪಕ್ಕದ ಕೊಠಡಿಯಲ್ಲಿ ಪಾಠ ನಡೆಯುತ್ತಿದ್ದರೂ ತೊಂದರೆಯಿಲ್ಲ. ಸೈಡ್ ಡ್ರಮ್ಮಿನ ಉರುಳು ಪೆಟ್ಟಿನಲ್ಲಿ ಬಲಗೈಗೆ ಎರಡು, ಎಡಗೈಗೆ ಎರಡು ಪೆಟ್ಟು. ಇಂಗ್ಲಿಷರು ಇದನ್ನು ಡ್ಯಾಡಿ-ಮಮ್ಮಿ ಎಂದು ಕಲಿಸುತ್ತಿದ್ದರು. ನಮ್ಮ ಮಕ್ಕಳಿಗೆ ಅಪ್ಪ-ಅಮ್ಮ ಎಂದರೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಒತ್ತಕ್ಷರದ ತೂಕವೂ ಸರಿಯಾಗಿ ಬೀಳುತ್ತದೆ. ತಕಿಟ, ತಕಧಿಮಿ ಎಂಬ ಸೊಲ್ಲುಗಳನ್ನು ಬಾಯಲ್ಲಿ ಹೇಳಿಸಿ ನಂತರ ಕೈಗೆ ತರಿಸಿದರೆ ಕಲಿಕೆ ಬೇಗ ಆಗುವುದು.

ಆಗಸ್ಟ್ 15ಕ್ಕೆ ನುಡಿಸುವವರು 9 ಮತ್ತು 10ನೆಯ ತರಗತಿಯವರು. 8ನೆಯ ತರಗತಿಯವರು ಅಂದು ಹಿಂದಿನ ಸಾಲಿನಲ್ಲಿ ನಿಂತು ಕೇಳುತ್ತಾರೆ. ನವೆಂಬರ್ 1ರ ರಾಜ್ಯೋತ್ಸವ 10ನೆಯವರಿಗೆ ಕೊನೆಯ ಪ್ರದರ್ಶನವಾಗಲಿ. ಅಲ್ಲಿಂದ ಮುಂದೆ ಅವರು ವಾರಕ್ಕೊಂದು ದಿನ ಅರ್ಧ ಗಂಟೆ ಬಂದು ಕಿರಿಯರಿಗೆ ಹೇಳಿಕೊಡಲಿ, ಬೇರೆ ಯಾವ ಹೊಣೆಯೂ ಬೇಡ. ಜನವರಿ 26ರಂದು 9ನೆಯವರು ಮುಂದಾಳತ್ವ ವಹಿಸಿ, 8ನೆಯವರು ಅವರೊಡನೆ ಮೊದಲ ಬಾರಿ ನುಡಿಸಬೇಕು. ಅಂದಿನ ನಾದ ಆಗಸ್ಟಿನಷ್ಟು ಚೆನ್ನಾಗಿರುವುದಿಲ್ಲ. ಗಣ್ಯರ ಮುಂದೆ ಚೆನ್ನಾಗಿ ಕಾಣಬೇಕೆಂದು ಜನವರಿಯಲ್ಲಿಯೂ ಹತ್ತನೆಯವರನ್ನೇ ನಿಲ್ಲಿಸುವ ಆಸೆ ಮುಖ್ಯ ಶಿಕ್ಷಕರಿಗೆ ಬರುವುದು ಸಹಜ. ಆ ಆಸೆಗೆ ಬೆಲೆ ತೆರುವುದು ಮುಂದಿನ ವರ್ಷದ ಬ್ಯಾಂಡ್, ಮತ್ತು ಆ ಮಕ್ಕಳ ಪರೀಕ್ಷೆ.

ಉತ್ತರ ಬೆಂಗಳೂರಿನ ಶಾಲೆಗಳಲ್ಲಿ ಇನ್ನೊಂದು ವಿಶೇಷ ಸಮಸ್ಯೆಯಿದೆ. ಬಾಗಲೂರು, ಬೆಟ್ಟಹಲಸೂರು, ರಾಜಾನುಕುಂಟೆ ಕಡೆಯ ಕಟ್ಟಡ ಕಾಮಗಾರಿಗಳಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಕಾರ್ಮಿಕರ ಮಕ್ಕಳು ಈ ಶಾಲೆಗಳಲ್ಲಿ ಓದುತ್ತಾರೆ. ಕಾಮಗಾರಿ ಮುಗಿದೊಡನೆ ವರ್ಷದ ನಡುವೆಯೇ ಕುಟುಂಬ ಸ್ಥಳಾಂತರಗೊಳ್ಳುತ್ತದೆ. ಹಾಗೆ ಹೋಗಬಹುದೆಂಬ ಕಾರಣಕ್ಕೆ ಈ ಮಕ್ಕಳನ್ನು ಬ್ಯಾಂಡಿನಿಂದ ಹೊರಗಿಡುವುದು ಸರಿಯಲ್ಲ. ಪ್ರತಿ ವಾದ್ಯಕ್ಕೂ ಇನ್ನೊಬ್ಬರನ್ನು ಸಿದ್ಧವಾಗಿಡುವುದೇ ಮಾರ್ಗ. ಆರು ಸೈಡ್ ಡ್ರಮ್ಮಿಗೆ ಒಂಬತ್ತು ಮಕ್ಕಳು ಕಲಿಯಲಿ. ಒಬ್ಬರಿಗೆ ಜ್ವರ ಬಂದ ದಿನವೂ ಇದರಿಂದ ಉಪಯೋಗವಿದೆ.

ಕಲಿಸುವವರು ಯಾರು?

ನಿವೃತ್ತ ಸೇನಾ ಹಾಗೂ ಪೊಲೀಸ್ ಬ್ಯಾಂಡ್ ವಾದಕರು ಸಿಕ್ಕರೆ ಉತ್ತಮ. ಯಲಹಂಕ, ಜಾಲಹಳ್ಳಿ, ಹೆಬ್ಬಾಳ ಸುತ್ತಮುತ್ತ ಮಾಜಿ ಸೈನಿಕರ ಕುಟುಂಬಗಳು ನೆಲೆಸಿರುವುದರಿಂದ ವಿಚಾರಿಸಿ ನೋಡುವುದು ವ್ಯರ್ಥವಾಗದು. ಆದರೆ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ವರ್ಗವಿದೆ: ಮದುವೆ ಮೆರವಣಿಗೆಗಳಲ್ಲಿ ನುಡಿಸುವ ಬ್ಯಾಂಡ್‌ಸೆಟ್ ಕಲಾವಿದರು. ಟ್ರಂಪೆಟ್ ಮತ್ತು ಕ್ಲಾರಿಯೊನೆಟ್‌ಗಳಲ್ಲಿ ಅವರ ನೈಪುಣ್ಯ ಅಸಾಧಾರಣವಾದುದು; ಹಾಡನ್ನು ಒಮ್ಮೆ ಕೇಳಿ ನುಡಿಸಬಲ್ಲವರು ಅವರಲ್ಲಿದ್ದಾರೆ. ಆಷಾಢದಲ್ಲಿ ಮದುವೆಗಳಿಲ್ಲ, ಆದುದರಿಂದ ಅವರಿಗೆ ಕೆಲಸವಿಲ್ಲ. ಆಷಾಢ ಬರುವುದು ಜೂನ್ ಕೊನೆಯಿಂದ ಆಗಸ್ಟ್ ಆರಂಭದೊಳಗೆ, ಅಂದರೆ ಸ್ವಾತಂತ್ರ್ಯ ದಿನಕ್ಕೆ ಶಾಲೆಗೆ ತರಬೇತಿ ಬೇಕಾದ ಸಮಯಕ್ಕೆ ಸರಿಯಾಗಿ. ಆ ಒಂದು ತಿಂಗಳು ದಿನಕ್ಕೆ ಒಂದು ಗಂಟೆಯಂತೆ ಗೌರವಧನ ನೀಡಿ ಕರೆಸಿಕೊಂಡರೆ ಶಾಲೆಗೂ ಲಾಭ, ಕಲಾವಿದರಿಗೂ ಬರಿಗೈ ತಿಂಗಳಿನಲ್ಲಿ ಆಧಾರ. ಅವರನ್ನು ಮಕ್ಕಳು ‘ಸರ್’ ಅಥವಾ ‘ಮಾಸ್ತರೇ’ ಎಂದು ಕರೆಯುವಂತೆ ನೋಡಿಕೊಳ್ಳುವುದೂ ಶಾಲೆಯ ಕರ್ತವ್ಯ.

ಹೊರಗಿನಿಂದ ಯಾರೇ ಬಂದರೂ ತರಬೇತಿಯ ಪೂರ್ಣ ಅವಧಿಯಲ್ಲಿ ಶಾಲೆಯ ಶಿಕ್ಷಕರೊಬ್ಬರು ಸ್ಥಳದಲ್ಲಿರತಕ್ಕದ್ದು. ಬಾಲಕಿಯರಿರುವ ವೃಂದಕ್ಕೆ ಶಿಕ್ಷಕಿಯರು ಇರುವುದು ಸೂಕ್ತ. ತರಬೇತುದಾರರ ಗುರುತಿನ ದಾಖಲೆಗಳನ್ನು ಪಡೆದು ಕಡತದಲ್ಲಿರಿಸಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012ರ ಬಗ್ಗೆ ಅವರಿಗೆ ಮೊದಲ ದಿನವೇ ತಿಳಿಸಬೇಕು.

ಅಭ್ಯಾಸದ ಸಮಯ ಬೆಳಗಿನ ಪ್ರಾರ್ಥನೆಗೆ ಮೊದಲು ನಲವತ್ತು ನಿಮಿಷ. ಸಂಜೆ ಇಟ್ಟರೆ ಹಳ್ಳಿಗಳಿಗೆ ಹಿಂದಿರುಗುವ ಮಕ್ಕಳಿಗೆ, ವಿಶೇಷವಾಗಿ ಬಾಲಕಿಯರಿಗೆ, ಬಸ್ಸು ತಪ್ಪುತ್ತದೆ. ಪೋಷಕರು ಕ್ರಮೇಣ ಬಿಡಿಸುತ್ತಾರೆ. ಆದರೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದ ಮಗುವಿಗೆ ಊದುವ ವಾದ್ಯ ತಲೆಸುತ್ತು ತರಿಸುತ್ತದೆ. ಕ್ಷೀರಭಾಗ್ಯದ ಹಾಲನ್ನು ಆ ಮಕ್ಕಳಿಗೆ ಅಭ್ಯಾಸಕ್ಕೆ ಮೊದಲೇ ಕೊಡುವ ವ್ಯವಸ್ಥೆಯನ್ನು ಅಡುಗೆ ಸಿಬ್ಬಂದಿಯೊಡನೆ ಮಾತನಾಡಿ ಮಾಡಿಕೊಳ್ಳಬಹುದು. ಊದುವ ವಾದ್ಯದ ಬಾಯಿತುಂಡು ಕಳಚಬಲ್ಲದ್ದು. ಪ್ರತಿ ಮಗುವಿಗೂ ತನ್ನದೇ ಬಾಯಿತುಂಡು ಇರಬೇಕು, ಹಂಚಿಕೊಳ್ಳಬಾರದು. ಕಳಚಲಾಗದ ಕೊಳಲಾದರೆ ಕೊಳಲನ್ನೇ ಒಬ್ಬರಿಗೆ ಮೀಸಲಿಡಬೇಕು.

ಡ್ರಮ್ ಯಾರ ಕೈಗೆ?

ಈ ವಿಷಯವನ್ನು ಸುತ್ತೋಲೆಗಳಲ್ಲಿ ಬರೆಯುವ ರೂಢಿಯಿಲ್ಲ. ಆದರೂ ಬರೆಯಬೇಕಾಗಿದೆ. ನಮ್ಮ ಗ್ರಾಮಗಳಲ್ಲಿ ತಮಟೆ ಬಾರಿಸುವ ಕೆಲಸವನ್ನು ತಲೆಮಾರುಗಳವರೆಗೆ ಪರಿಶಿಷ್ಟ ಜಾತಿಗಳ ಕುಟುಂಬಗಳ ಮೇಲೆ ಹೇರಲಾಗಿತ್ತು. ಹಬ್ಬಕ್ಕೂ ಸಾವಿಗೂ ಅವರು ಬಾರಿಸಬೇಕು, ದೇವಸ್ಥಾನದೊಳಕ್ಕೆ ಬರಬಾರದು ಎಂಬ ಕಾಲವಿತ್ತು. ಶಾಲೆಯಲ್ಲಿ ಬ್ಯಾಂಡ್ ಕಟ್ಟುವಾಗ ಆ ನೆನಪು ಎರಡು ರೀತಿಯಲ್ಲಿ ಒಳಬರುತ್ತದೆ. ಕೆಲವು ಶಿಕ್ಷಕರು, ಕೆಟ್ಟ ಉದ್ದೇಶವಿಲ್ಲದೆಯೇ, “ಇವನಿಗೆ ರಕ್ತದಲ್ಲೇ ಬಂದಿದೆ” ಎಂದು ಆ ಮನೆಯ ಮಗುವಿಗೆ ಡ್ರಮ್ ಕೊಡುತ್ತಾರೆ. ಆ ಮಗುವಿಗೆ ಕೊಳಲು ಬೇಕಾಗಿರಬಹುದು. ಇನ್ನೊಂದೆಡೆ ಕೆಲವು ಪೋಷಕರು, ನಮ್ಮ ಮಗು ಡ್ರಮ್ ಹೊರಬಾರದು, ಕೋಲು ಹಿಡಿದು ಮುಂದೆ ನಡೆಯಲಿ ಎಂದು ಶಾಲೆಗೆ ಬಂದು ಹೇಳುತ್ತಾರೆ.

ಎರಡಕ್ಕೂ ಉತ್ತರವೆಂದರೆ ಮೊದಲ ಆರು ವಾರ ಎಲ್ಲ ಮಕ್ಕಳೂ ಎಲ್ಲ ವಾದ್ಯಗಳನ್ನೂ ಸರದಿಯಂತೆ ಕಲಿಯುವುದು. ಅನಂತರ ಮಗುವಿನ ಇಚ್ಛೆ ಹಾಗೂ ಸಾಮರ್ಥ್ಯ ನೋಡಿ ಹಂಚಿಕೆ. ನಾಯಕತ್ವವನ್ನು ಅವಧಿಗೊಮ್ಮೆ ಬದಲಿಸಬೇಕು. ಈ ಕ್ರಮವನ್ನು ಮೊದಲೇ ಎಸ್‌.ಡಿ.ಎಂ.ಸಿ. ಸಭೆಯ ನಡಾವಳಿಯಲ್ಲಿ ಬರೆಸಿದ್ದರೆ ಒತ್ತಡ ತರುವವರಿಗೆ ಮುಖ್ಯ ಶಿಕ್ಷಕರು ನಡಾವಳಿಯನ್ನು ತೋರಿಸಬಹುದು, ವೈಯಕ್ತಿಕ ವಾದಕ್ಕಿಳಿಯಬೇಕಾಗಿಲ್ಲ. ಬಾಲಕಿಯರಿಗೆ ಟ್ರಯಾಂಗಲ್ ಮತ್ತು ಕೊಳಲು, ಬಾಲಕರಿಗೆ ಬಾಸ್ ಡ್ರಮ್ ಎಂಬ ಹಂಚಿಕೆಗೂ ಯಾವ ಆಧಾರವೂ ಇಲ್ಲ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಬಾಲಕಿಯರ ಬ್ಯಾಂಡಿಗೇ ಪ್ರತ್ಯೇಕ ವಿಭಾಗಗಳಿದ್ದು, ಅಲ್ಲಿ ಬಾಸ್ ಡ್ರಮ್ ಹೊರುವವರೂ ಬಾಲಕಿಯರೇ.

ನುಡಿಸುವ ದಿನ

ರಾಷ್ಟ್ರಗೀತೆಯ ಪೂರ್ಣ ಪಾಠದ ಅವಧಿ ಸುಮಾರು 52 ಸೆಕೆಂಡುಗಳು. ಬ್ಯಾಂಡ್ ನುಡಿಸುವಾಗ ಗೀತೆಗೆ ಮೊದಲು ಡ್ರಮ್ಮಿನ ಉರುಳು ನಾದವಿರಬೇಕೆಂದು ಕೇಂದ್ರ ಗೃಹ ಸಚಿವಾಲಯದ ಆದೇಶಗಳು ಹೇಳುತ್ತವೆ. ನಿಧಾನ ನಡಿಗೆಯ ಏಳು ಹೆಜ್ಜೆಗಳಷ್ಟು ಕಾಲ ಆ ನಾದ ಮೆಲ್ಲನೆ ಆರಂಭವಾಗಿ, ಏರಿ, ಮತ್ತೆ ಇಳಿಯಬೇಕು, ಏಳನೆಯ ಪೆಟ್ಟಿನವರೆಗೂ ಕೇಳಿಸುತ್ತಿರಬೇಕು, ಅನಂತರ ಒಂದು ಪೆಟ್ಟಿನಷ್ಟು ಮೌನ, ಆಮೇಲೆ ಗೀತೆ. ಸಭಿಕರು ಸಾವಧಾನವಾಗಿ ನಿಲ್ಲಲು ಇದು ಸೂಚನೆ. ಧ್ವನಿವರ್ಧಕದ ಗೀತೆ ಥಟ್ಟನೆ ಶುರುವಾಗಿ ಜನ ಗಡಿಬಿಡಿಯಿಂದ ಏಳುವುದನ್ನು ನೋಡಿದವರಿಗೆ ಈ ಏಳು ಹೆಜ್ಜೆಗಳ ಬೆಲೆ ತಿಳಿಯುತ್ತದೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ರಾಜ್ಯ ಸರ್ಕಾರವು 2022ರ ಆದೇಶದಲ್ಲಿ ನಿಗದಿಪಡಿಸಿದೆ; ಅಭ್ಯಾಸವೂ ಅದರಂತೆಯೇ ಇರತಕ್ಕದ್ದು.

ಪಥಸಂಚಲನದ ವೇಗದ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ಇದಕ್ಕೆ ಯಂತ್ರವೇನೂ ಬೇಡ, ಸೆಕೆಂಡಿನ ಮುಳ್ಳಿರುವ ಗೋಡೆ ಗಡಿಯಾರ ಸಾಕು. ಸೇನಾ ಕ್ರಮದಲ್ಲಿ ಹೆಜ್ಜೆಯ ಉದ್ದ 30 ಅಂಗುಲ. ಹದಿಮೂರು ವರ್ಷದ ಮಗುವಿಗೆ ಅದು ಹೆಚ್ಚು. 25 ಅಂಗುಲ ಇಟ್ಟುಕೊಂಡರೆ 100 ಅಡಿ ದಾಟಲು 48 ಹೆಜ್ಜೆ, 24 ಸೆಕೆಂಡು ಬೇಕಾಗುತ್ತದೆ. ವೇದಿಕೆಯ ಮುಂದೆ ಎಷ್ಟು ಸುತ್ತು ನುಡಿಸಬೇಕೆಂಬುದನ್ನು ಹೀಗೆ ಮೊದಲೇ ಲೆಕ್ಕ ಹಾಕಬಹುದು.

ತಾಲ್ಲೂಕು ಮಟ್ಟದ ಸಮಾರಂಭಗಳಲ್ಲಿ ಹಿಂದಿನ ತಂಡಗಳ ಹೆಜ್ಜೆ ತಪ್ಪುವುದನ್ನು ಎಲ್ಲರೂ ನೋಡಿದ್ದಾರೆ. ಬೈಗುಳ ತಿನ್ನುವುದು ಮಕ್ಕಳು. ಬಹಳಷ್ಟು ಬಾರಿ ಕಾರಣ ಮಕ್ಕಳಲ್ಲಿಲ್ಲ, ಶಬ್ದದ ವೇಗದಲ್ಲಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಬ್ಯಾಂಡಿನಿಂದ 34 ಮೀಟರ್ ಹಿಂದಿರುವ ತಂಡಕ್ಕೆ ಡ್ರಮ್ಮಿನ ಪೆಟ್ಟು ಹತ್ತನೆಯ ಒಂದು ಸೆಕೆಂಡು ತಡವಾಗಿ ಕೇಳುತ್ತದೆ. ಒಂದು ಹೆಜ್ಜೆಗೆ ಅರ್ಧ ಸೆಕೆಂಡು ಮಾತ್ರ ಇರುವುದರಿಂದ ಇದು ಹೆಜ್ಜೆಯ ಐದನೆಯ ಒಂದು ಭಾಗ. 85 ಮೀಟರ್ ಹಿಂದಿರುವವರಿಗೆ ಅರ್ಧ ಹೆಜ್ಜೆಯೇ ತಡ: ಮುಂದಿನವರ ಕಾಲು ನೆಲದಲ್ಲಿದ್ದಾಗ ಅವರ ಕಾಲು ಗಾಳಿಯಲ್ಲಿರುತ್ತದೆ. ಆದುದರಿಂದ ಬ್ಯಾಂಡನ್ನು ಮೆರವಣಿಗೆಯ ತುದಿಯಲ್ಲಿ ಕಳುಹಿಸುವ ಬದಲು ವಂದನಾ ವೇದಿಕೆಯ ಎದುರು ಮೈದಾನದ ಮಧ್ಯದಲ್ಲಿ ನಿಲ್ಲಿಸಿ, ತಂಡಗಳು ಅದನ್ನು ಹಾದುಹೋಗುವಂತೆ ಏರ್ಪಡಿಸುವುದು ಒಳ್ಳೆಯದು. ಧ್ವನಿವರ್ಧಕಗಳನ್ನು ಮೈದಾನದ ನಾಲ್ಕೂ ಮೂಲೆಗೆ ಕಟ್ಟಿ ಬ್ಯಾಂಡಿನ ಮುಂದೆ ಮೈಕ್ ಇಟ್ಟರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಹಣ ಮತ್ತು ಲೆಕ್ಕ

ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನವು ದಾಖಲಾತಿಯನ್ನು ಅವಲಂಬಿಸಿದ್ದು, 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ, 251ರಿಂದ 1,000 ಮಕ್ಕಳಿದ್ದರೆ 75,000 ರೂಪಾಯಿ ನಿಗದಿಯಾಗಿದೆ. ವಿದ್ಯುತ್, ಸ್ವಚ್ಛತೆ, ಪ್ರಯೋಗಾಲಯ ಎಲ್ಲವೂ ಇದರಲ್ಲೇ ಆಗಬೇಕಾದುದರಿಂದ ಹೊಸ ಬ್ಯಾಂಡಿಗೆ ಇದನ್ನು ನೆಚ್ಚುವಂತಿಲ್ಲ. ಕೆಟ್ಟ ಉಪಕರಣಗಳ ಬದಲಾವಣೆಯಂತಹ ಸಣ್ಣ ವೆಚ್ಚಕ್ಕೆ ಆಧಾರವಾಗಬಹುದು. ಪ್ರೌಢಶಾಲೆಗೆ 25,000 ರೂಪಾಯಿವರೆಗಿನ ಕ್ರೀಡಾ ಅನುದಾನವು ಕ್ರೀಡಾ ಸಾಮಗ್ರಿಗಳಿಗೆ ಮೀಸಲು, ಅದನ್ನು ಇದಕ್ಕೆ ತಿರುಗಿಸತಕ್ಕದ್ದಲ್ಲ.

ಮೊದಲ ಖರೀದಿಗೆ ಎರಡು ದಾರಿಗಳಿವೆ. ಒಂದು, ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಬೇಡಿಕೆಯನ್ನು ಇಟ್ಟರೆ ಅದನ್ನು ನಡಾವಳಿಯಲ್ಲಿ ದಾಖಲಿಸಿ, ಸಾಮಾನ್ಯ ಸಭೆಯ ನಿರ್ಣಯದೊಂದಿಗೆ ಕ್ರಿಯಾಯೋಜನೆಗೆ ಸೇರಿಸಬಹುದು. ಇನ್ನೊಂದು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣದಂತೆ ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಇದಕ್ಕೆ ವಿನಿಯೋಗಿಸಬೇಕು. ಶಿಕ್ಷಣ ಅದರ ವ್ಯಾಪ್ತಿಯಲ್ಲಿದೆ. ವಿಮಾನ ನಿಲ್ದಾಣ ರಸ್ತೆಯ ಆಸುಪಾಸಿನ ಶಾಲೆಗಳಿಗೆ ಇಂತಹ ದಾನಿಗಳು ದುರ್ಲಭರಲ್ಲ. ಆದರೆ ಅವರು ಕೊಡಬಯಸುವುದು ಫೋಟೋದಲ್ಲಿ ಕಾಣುವಂತಹದನ್ನು: ಹೊಳೆಯುವ ವಾದ್ಯ, ಜರಿಯ ಸಮವಸ್ತ್ರ. ಶಾಲೆಗೆ ಬೇಕಿರುವುದು ಮೂರು ವರ್ಷಗಳ ತರಬೇತುದಾರರ ಗೌರವಧನ. ವಾದ್ಯಗಳ ಸಂಖ್ಯೆಯನ್ನು ಕಡಿಮೆ ಮಾಡಿಯಾದರೂ ಗೌರವಧನವನ್ನು ಒಪ್ಪಂದದಲ್ಲಿ ಸೇರಿಸುವಂತೆ ಕೇಳುವುದು ಒಳಿತು. ಸಮವಸ್ತ್ರಕ್ಕೆ ಹೆಚ್ಚು ವೆಚ್ಚ ಬೇಡ. ಮಕ್ಕಳಿಗೆ ಸರ್ಕಾರ ಕೊಡುವ ಸಮವಸ್ತ್ರ ಮತ್ತು ಬೂಟುಗಳ ಮೇಲೆ ಒಂದು ಹೆಗಲಪಟ್ಟಿ, ಒಂದು ಟೋಪಿ ಸಾಕು. ಖರೀದಿ ಪಾರದರ್ಶಕತೆ ಅಧಿನಿಯಮ, 1999ರ ನಿಯಮಗಳಿಗೆ ಒಳಪಟ್ಟಿರಬೇಕು. ವಾದ್ಯಗಳು ಯಾರು ಕೊಟ್ಟರೂ ಶಾಲೆಯ ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆಯೊಂದಿಗೆ ದಾಖಲಾಗಬೇಕು.

ಕರೆಯುವವರ ಗಮನಕ್ಕೆ

ಬ್ಯಾಂಡ್ ಚೆನ್ನಾಗಿದೆಯೆಂದು ಸುದ್ದಿಯಾದೊಡನೆ ಕರೆಗಳು ಬರುತ್ತವೆ. ಭೂಮಿಪೂಜೆ, ಉದ್ಘಾಟನೆ, ಜಾತ್ರೆ, ಜಯಂತಿ, ಜನಪ್ರತಿನಿಧಿಗಳ ಸ್ವಾಗತ. ಕರೆಯುವವರಲ್ಲಿ ಗ್ರಾಮ ಪಂಚಾಯಿತಿಗಳೇ ಮುಂದೆ ಎಂಬುದನ್ನು ಒಪ್ಪಿಕೊಳ್ಳಬೇಕು. ವಾದ್ಯ ಕೊಡಿಸಿದವರಿಗೆ ಬ್ಯಾಂಡನ್ನು ಕರೆಯುವ ಹಕ್ಕಿದೆ ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಅತಿಥಿಗಳು ಎರಡು ಗಂಟೆ ತಡವಾಗಿ ಬಂದರೆ ಬಿಸಿಲಿನಲ್ಲಿ ಡ್ರಮ್ ಹೊತ್ತು ನಿಲ್ಲುವವರು ಮಕ್ಕಳು. ಅಂದು ತಪ್ಪಿದ ಗಣಿತದ ಪಾಠವನ್ನು ಮರಳಿ ಹೇಳುವವರಿಲ್ಲ.

ಆದುದರಿಂದ ಪ್ರತಿ ಶಾಲೆಯೂ ವರ್ಷದ ಆರಂಭದಲ್ಲಿಯೇ ಬ್ಯಾಂಡ್ ನುಡಿಸುವ ದಿನಗಳ ಪಟ್ಟಿಯನ್ನು ಎಸ್‌.ಡಿ.ಎಂ.ಸಿ.ಯಲ್ಲಿ ಅನುಮೋದಿಸಿಕೊಳ್ಳುವುದು ಸೂಕ್ತ. ರಾಷ್ಟ್ರೀಯ ಹಬ್ಬಗಳು, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ತಾಲ್ಲೂಕು ಕ್ರೀಡಾಕೂಟಗಳು ಆ ಪಟ್ಟಿಯಲ್ಲಿರಲಿ. ಪಟ್ಟಿಯ ಹೊರಗಿನ ಕರೆಗೆ ಲಿಖಿತ ಕೋರಿಕೆ, ಸಮಿತಿಯ ಒಪ್ಪಿಗೆ, ಪೋಷಕರ ಒಪ್ಪಿಗೆ ಮೂರೂ ಬೇಕು. ಪಾಠದ ಅವಧಿಯಲ್ಲಿ ಯಾವ ಕಾರಣಕ್ಕೂ ಕಳುಹಿಸತಕ್ಕದ್ದಲ್ಲ. ರಾಜಕೀಯ ಪಕ್ಷಗಳ ಹಾಗೂ ಖಾಸಗಿ ಕಾರ್ಯಕ್ರಮಗಳಿಗೆ ಬ್ಯಾಂಡ್ ಹೋಗುವುದು ಸಲ್ಲದು. ಹೋದಲ್ಲಿ ನೆರಳು, ಕುಡಿಯುವ ನೀರು, ಹಿಂದಿರುಗಲು ವಾಹನ ಇವು ಕರೆದವರ ಹೊಣೆ. ಕಾರ್ಯಕ್ರಮ ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಮಕ್ಕಳನ್ನು ಹಿಂದಕ್ಕೆ ಕರೆತರುವ ಅಧಿಕಾರ ಜೊತೆಗಿರುವ ಶಿಕ್ಷಕರಿಗಿರಬೇಕು, ಮತ್ತು ಅವರು ಅದನ್ನು ಬಳಸಿದಾಗ ಪಂಚಾಯಿತಿಯು ಅವರ ಬೆಂಬಲಕ್ಕೆ ನಿಲ್ಲಬೇಕು.

ಬೇಸಿಗೆ ರಜೆಗೆ ಮೊದಲು ವಾದ್ಯಗಳನ್ನು ಒರೆಸಿ, ಹಿತ್ತಾಳೆಯವುಗಳೊಳಗಿನ ನೀರನ್ನು ಬಸಿದು, ಒತ್ತುಗುಂಡಿಗಳಿಗೆ ಎಣ್ಣೆ ಹಾಕಿ, ಸೈಡ್ ಡ್ರಮ್ಮಿನ ತಂತಿಯನ್ನು ಸಡಿಲಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು. ಗೆದ್ದಲು ಮತ್ತು ಇಲಿಯ ಕಾಟವಿರುವ ಕೊಠಡಿ ಬೇಡ. ದಾಸ್ತಾನು ವಹಿಯೊಂದಿಗೆ ತಾಳೆ ನೋಡಿ ಮುಖ್ಯ ಶಿಕ್ಷಕರು ಹಾಗೂ ಹೊಣೆ ಹೊತ್ತ ಶಿಕ್ಷಕರು ಸಹಿ ಹಾಕಿ, ದುರಸ್ತಿಯಾಗಬೇಕಾದವುಗಳ ಪಟ್ಟಿಯನ್ನು ಏಪ್ರಿಲ್ ತಿಂಗಳಲ್ಲಿಯೇ ಸಿದ್ಧಪಡಿಸತಕ್ಕದ್ದು. ಜೂನ್‌ನಲ್ಲಿ ಪಟ್ಟಿ ಮಾಡಿದರೆ ದುರಸ್ತಿ ಮುಗಿದು ಬರುವಷ್ಟರಲ್ಲಿ ಆಷಾಢ ಕಳೆದಿರುತ್ತದೆ, ಕಲಿಸುವವರು ಮದುವೆಗಳಿಗೆ ಹೊರಟಿರುತ್ತಾರೆ.